ಅಂಟುವಾಳದ್ದು ಬೇರೆ, ನೇರಳೆಯದ್ದು ಬೇರೆ

ಪೇಟೆಯ ಅಂಗಡಿಯ ಜೇನುತುಪ್ಪ ಜನವರಿಯಲ್ಲಿ ಕೊಂಡರೂ ಅದೇ ಬಣ್ಣ, ಆಗಸ್ಟಿನಲ್ಲಿ ಕೊಂಡರೂ ಅದೇ ಬಣ್ಣ. ಬೆಂಗಳೂರಿನ ಬಾಟಲಿಗೂ ಭೋಪಾಲದ ಬಾಟಲಿಗೂ ರುಚಿಯಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಕೊಳ್ಳುವವರಿಗೆ ಅದೇ ಒಂದು ಭರವಸೆ. ಜೇನು ಸಾಕಿದವರಿಗೆ ಮಾತ್ರ ಇದು ಅನುಮಾನದ ಸಂಗತಿ. ಕಾಡಿನಲ್ಲಿ ಎರಡು ತಿಂಗಳು ಸತತವಾಗಿ ಒಂದೇ ಹೂವು ಇರುವುದಿಲ್ಲ. ತುಪ್ಪ ಮಾತ್ರ ವರ್ಷವಿಡೀ ಒಂದೇ ಥರ ಹೇಗಿದ್ದೀತು? ಉತ್ತರ ಗುಟ್ಟಿನದ್ದೇನಲ್ಲ. ಹತ್ತಾರು ಊರಿನ, ಹಲವು ರಾಜ್ಯಗಳ ತುಪ್ಪವನ್ನು ದೊಡ್ಡ ಟ್ಯಾಂಕುಗಳಲ್ಲಿ ಬೆರೆಸಿ, ಬಿಸಿಮಾಡಿ, ಸೋಸಿ, ಬಣ್ಣವನ್ನು ಒಂದು ಹದಕ್ಕೆ ತಂದು ಬಾಟಲಿಗೆ ತುಂಬುತ್ತಾರೆ. ಇಷ್ಟಕ್ಕೇ ಅದನ್ನು ಕಲಬೆರಕೆ ಎನ್ನುವಂತಿಲ್ಲ. ಬೆರೆತದ್ದೆಲ್ಲ ಅಸಲಿ ಜೇನೇ ಇರಬಹುದು. ಅದು ಯಾವ ಊರಿನದು, ಯಾವ ಹೂವಿನದು ಎಂಬುದು ಮಾತ್ರ ಟ್ಯಾಂಕಿನಲ್ಲೇ ಅಳಿಸಿಹೋಗಿರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹತ್ತಿಪ್ಪತ್ತು ಪೆಟ್ಟಿಗೆ ಇಟ್ಟುಕೊಂಡ ಮನೆಗೆ ಹೋಗಿ ನೋಡಿದರೆ ಲೆಕ್ಕ ಬೇರೆ. ಒಳಗಿನ ನಾಗಂದಿಗೆಯ ಮೇಲೆ ಮೂರ್ನಾಲ್ಕು ಥರದ ತುಪ್ಪ ಇರುತ್ತದೆ. ಒಂದು ತಿಳಿಹಳದಿ, ಇನ್ನೊಂದು ಕಡುಗಂದು, ಮತ್ತೊಂದು ತಳದಿಂದ ಹರಳುಗಟ್ಟಿ ಅರ್ಧಕ್ಕೆ ಬಂದದ್ದು. ಎಲ್ಲವೂ ಅದೇ ತೋಟದ, ಅದೇ ಪೆಟ್ಟಿಗೆಗಳ ತುಪ್ಪ. ಕೊಡುವಾಗ ಹೆಸರು ಹೇಳಿಯೇ ಕೊಡುತ್ತಾರೆ: ಇದು ಅಂಟುವಾಳದ್ದು, ಇದು ನೇರಳೆಯದ್ದು, ಸ್ವಲ್ಪ ಕಹಿ ಇರುತ್ತದೆ, ಇದು ಮಳೆಗೆ ಮುಂಚಿನ ಕೊನೆಯ ಕೊಯ್ಲು, ಎಲ್ಲ ಹೂವೂ ಇದೆ.

ಹೀಗೆ ಹೂವಿನ ಹೆಸರಿರುವ ಜೇನಿಗೆ ಈಗ ಜಗತ್ತಿನಾದ್ಯಂತ ಬೆಲೆ ಬಂದಿದೆ. ನ್ಯೂಜಿಲೆಂಡಿನ ಮನುಕಾ ಪೊದೆಯ ಜೇನಿಗೆ ಸಿಗುವ ದರ ಕೇಳಿದರೆ ನಮ್ಮ ಸಾಕಣೆದಾರರು ನಗುತ್ತಾರೆ, ಆಮೇಲೆ ಯೋಚನೆಗೆ ಬೀಳುತ್ತಾರೆ. ನಮ್ಮಲ್ಲೂ 'ಏಕಪುಷ್ಪ ಜೇನು', 'ವಿಶೇಷ ಜೇನು' ಎಂಬ ಚೀಟಿ ಅಂಟಿಸಿದ ಬಾಟಲಿಗಳು ಕಾಣಿಸಿಕೊಳ್ಳತೊಡಗಿವೆ. ವಿಶೇಷ ಅಂದರೆ ಜೇನಿಗೆ ಏನನ್ನೋ ಸೇರಿಸಿದ್ದು ಎಂದುಕೊಂಡವರೂ ಇದ್ದಾರೆ. ತುಳಸಿ ರಸ ಹಾಕಿದ್ದು, ಶುಂಠಿ ಹಾಕಿದ್ದು, ಕೇಸರಿ ಹಾಕಿದ್ದು ಎಲ್ಲ ಮಾರಾಟಕ್ಕಿದೆ. ಅದು ಅಡುಗೆಮನೆಯ ಕೈಚಳಕ. ನಾನು ಹೇಳಹೊರಟ ವಿಶೇಷ ಜೇನಿಗೆ ಸೇರಿಸುವುದು ಏನೂ ಇಲ್ಲ. ಒಂದು ಹೂವಿನ ತುಪ್ಪ ಇನ್ನೊಂದಕ್ಕೆ ಸೇರದಂತೆ ನೋಡಿಕೊಳ್ಳುವುದೇ ಅದರ ಕಸುಬು. ಆ ಕಸುಬಿಗೆ ಬೇಕಾದ ವ್ಯವಧಾನ ಇರುವುದು ಸಣ್ಣ ಸಾಕಣೆದಾರನ ಮನೆಯಲ್ಲಿ.

ಇದಕ್ಕೆ ಮೊದಲ ಆಧಾರ ನೊಣದ ಸ್ವಭಾವ. ಒಂದು ಸುತ್ತಿಗೆ ಹೊರಟ ಕೆಲಸಗಾರ ನೊಣ ಕಂಡಕಂಡ ಹೂವಿಗೆಲ್ಲ ಬಾಯಿ ಹಾಕುವುದಿಲ್ಲ. ಒಂದು ಜಾತಿಯ ಹೂವು ಹಿಡಿದರೆ ಆ ಸುತ್ತು ಮುಗಿಯುವವರೆಗೂ ಬಹುಪಾಲು ಅದೇ. ಗೂಡಿಗೆ ಬಂದು ಎರಿಯ ಮೇಲೆ ಕುಣಿದು ಸಂಗಾತಿಗಳಿಗೆ ದಿಕ್ಕನ್ನೂ ದೂರವನ್ನೂ ತಿಳಿಸುತ್ತದೆ. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಹಾಗಾಗಿ ಹತ್ತಿರದಲ್ಲಿ ಒಂದು ದೊಡ್ಡ ಮರ ಮೈತುಂಬ ಅರಳಿತೆಂದರೆ ಇಡೀ ಕುಟುಂಬ ಕೆಲವು ದಿನ ಅದನ್ನೇ ಹಿಡಿಯುತ್ತದೆ. ಆ ದಿನಗಳು ಯಾವಾಗ ಶುರುವಾದವು, ಯಾವಾಗ ಮುಗಿದವು ಎಂಬುದನ್ನು ತಿಳಿದವನಿಗೆ ಆ ಹೂವಿನ ತುಪ್ಪ ಸಿಕ್ಕಿತು.

ಮಲೆನಾಡಿನ ಹೂವಿನ ಪಂಚಾಂಗವನ್ನು ಸ್ವಲ್ಪ ಬಿಡಿಸಿಯೇ ನೋಡಬೇಕು. ಮಳೆ ಹಿಂದೆ ಸರಿಯುವ ಹೊತ್ತಿಗೆ ಕಿಂದಳ ಮರಗಳು ಹೂಬಿಡುತ್ತವೆ. ನಾಲ್ಕು ತಿಂಗಳ ಮಳೆಯಲ್ಲಿ ಸೊರಗಿದ ಕುಟುಂಬ ಚೇತರಿಸಿಕೊಳ್ಳುವುದು ಈ ಹೂವಿನಿಂದ. ತಿಳಿದವರು ಆ ತುಪ್ಪಕ್ಕೆ ಕೈ ಹಾಕುವುದಿಲ್ಲ. ಚಳಿ ಬೀಳುವ ಹೊತ್ತಿಗೆ ಅಂಟುವಾಳ. ನೊರೆಕಾಯಿಗೆಂದು ಹಿತ್ತಲಲ್ಲಿ ಉಳಿಸಿಕೊಂಡ ಒಂದೇ ಮರ ಅರಳಿದರೂ ಕೆಳಗೆ ನಿಂತವರಿಗೆ ಮೇಲಿನಿಂದ ಝೇಂಕಾರ ಕೇಳುತ್ತದೆ. ಕರಾವಳಿಗೆ ಇಳಿದರೆ ಆ ಹೊತ್ತಿಗೆ ಗೇರು ಶುರು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳು ಒಂದೇ ವಾರದಲ್ಲಿ ಬೆಳ್ಳಗಾಗಿ ಮತ್ತೆ ಹಸಿರಾಗುತ್ತವೆ. ಆ ಒಂದು ವಾರ ತಪ್ಪಿತೋ, ಕಾಫಿಹೂವಿನ ತುಪ್ಪ ಮುಂದಿನ ವರ್ಷಕ್ಕೆ. ಬೆನ್ನಿಗೇ ನೇರಳೆ, ಬೇಸಿಗೆ ಏರಿದಂತೆ ಅಳಲೆ, ಮತ್ತೆ ಹೆಸರಿಡಲಾಗದಷ್ಟು ಕಾಡುಹೂವುಗಳು. ಮುಖ್ಯ ಕೊಯ್ಲು ಫೆಬ್ರವರಿಯಿಂದ ಮೇವರೆಗೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಪೆಟ್ಟಿಗೆಯಿಂದ ಏನನ್ನೂ ಕೇಳುವಂತಿಲ್ಲ, ಕೊಡಬೇಕಾದ ಕಾಲ ಅದು.

ನೇರಳೆಯ ತುಪ್ಪದ ಕಹಿ ಬಹಳ ದಿನ ಮಾರಾಟಕ್ಕೆ ಅಡ್ಡಿಯಾಗಿತ್ತು. ಕಹಿ ಇದೆಯೆಂದರೆ ಏನೋ ಕೆಟ್ಟಿದೆ ಎಂದು ಗಿರಾಕಿ ತಿಳಿಯುತ್ತಿದ್ದ. ಸಾಕಣೆದಾರರೂ ಬೇರೆ ತುಪ್ಪಕ್ಕೆ ಬೆರೆಸಿ ಸಾಗಹಾಕುತ್ತಿದ್ದರು. ನೀಲಗಿರಿಯ ಕಡೆ ಬುಡಕಟ್ಟಿನವರು ಕೊಯ್ಯುವ ಹೆಜ್ಜೇನಿನ ಕಹಿತುಪ್ಪ 'ಕಹಿಜೇನು' ಎಂದೇ ಹೆಸರಾಗಿ ಮಾರಾಟವಾಗತೊಡಗಿದ ಮೇಲೆ ನಮ್ಮವರಿಗೂ ಧೈರ್ಯ ಬಂದಿದೆ. ಅದೇ ತುಪ್ಪ, ಅದೇ ಕಹಿ. ಮೊದಲು ದೋಷವಾಗಿದ್ದದ್ದು ಈಗ ಗುಣ. ಇದರಲ್ಲಿ ಗಿರಾಕಿಯ ನಾಲಿಗೆ ಬದಲಾದದ್ದೆಷ್ಟು, ಚೀಟಿಯ ಮಹಿಮೆ ಎಷ್ಟು ಎಂದು ನನಗೆ ಕೆಲವೊಮ್ಮೆ ಅನುಮಾನವಾಗುವುದುಂಟು.

ರಬ್ಬರಿನದು ಇನ್ನೂ ಸ್ವಾರಸ್ಯ. ದಕ್ಷಿಣ ಕನ್ನಡದಿಂದ ಹಿಡಿದು ಕೇರಳದುದ್ದಕ್ಕೂ ಕನ್ಯಾಕುಮಾರಿಯವರೆಗೆ ಸಾಕಿದ ಜೇನಿನ ಬಹುದೊಡ್ಡ ಪಾಲು ರಬ್ಬರ್ ತೋಟದ್ದು. ಆದರೆ ಅದು ಹೂವಿನ ತುಪ್ಪವೇ ಅಲ್ಲ. ರಬ್ಬರ್ ಮರ ಎಲೆ ಉದುರಿಸಿ ಚಿಗುರಿದಾಗ ಮೂರು ಎಲೆ ಕೂಡುವ ಜಾಗದಲ್ಲಿ, ತೊಟ್ಟಿನ ತುದಿಯಲ್ಲಿ, ಸಿಹಿರಸ ಜಿನುಗುವ ಪುಟ್ಟ ಗ್ರಂಥಿಗಳಿರುತ್ತವೆ. ನೊಣ ಹೀರುವುದು ಅದನ್ನು. ಈ ತುಪ್ಪ ಬೇಗನೆ ಹರಳುಗಟ್ಟುತ್ತದೆ. ಹೂವಿಲ್ಲದ ಮೇಲೆ ಪರಾಗವೂ ಕಡಿಮೆ. ಪ್ರಯೋಗಾಲಯದವರು ಏಕಪುಷ್ಪ ಜೇನನ್ನು ಗುರುತಿಸುವುದು ಸಾಮಾನ್ಯವಾಗಿ ಸೂಕ್ಷ್ಮದರ್ಶಕದಡಿ ಪರಾಗದ ಕಣ ಎಣಿಸಿ. ಒಂದೇ ಗಿಡದ ಪರಾಗ ಶೇ. 45ಕ್ಕಿಂತ ಹೆಚ್ಚಿದ್ದರೆ ಅದು ಆ ಹೂವಿನದೆಂಬುದು ಬಹುಕಾಲದ ರೂಢಿ. ಪರಾಗ ಕಡಿಮೆಯಿರುವ ರಬ್ಬರಿಗೆ ಈ ಅಳತೆ ಹೊಂದುವುದಿಲ್ಲ. ಅಡಿಕೆಯದು ತದ್ವಿರುದ್ಧ. ಸಿಂಗಾರದಿಂದ ನೊಣ ರಾಶಿ ರಾಶಿ ಪರಾಗ ತರುತ್ತದೆ. ತುಪ್ಪವಾಗುವುದು ಮಾತ್ರ ಪರಾಗವಲ್ಲ, ಮಕರಂದ. ಹಾಗೆಂದು 'ಅಡಿಕೆ ಹೂವಿನ ಜೇನು' ಎಂದು ಚೀಟಿ ಹಚ್ಚಿದರೆ ನಾನಂತೂ ನಂಬುವುದಿಲ್ಲ.

ಕುರಿಂಜಿಯ ಮಾತು ಬಾರದಿದ್ದರೆ ಈ ಪಂಚಾಂಗ ಪೂರ್ತಿಯಾಗದು. ನಮ್ಮ ಮಲೆನಾಡಿಗರು ಗುರಿಗೆ ಎನ್ನುವ ಈ ಗುಂಪಿನ ಗಿಡಗಳು ವರ್ಷಗಟ್ಟಲೆ ಸುಮ್ಮನಿದ್ದು, ಏಳು ವರ್ಷಕ್ಕೋ ಹನ್ನೆರಡು ವರ್ಷಕ್ಕೋ ಒಮ್ಮೆ ಗುಡ್ಡಕ್ಕೆ ಗುಡ್ಡವೇ ಅರಳುತ್ತವೆ. ಆ ವರ್ಷದ ತುಪ್ಪ ಗಟ್ಟಿ, ಬಣ್ಣದಲ್ಲಿ ಗಾಢ, ಹಿರಿಯರ ನೆನಪಿನಲ್ಲಿ ಇಸವಿಯ ಗುರುತಾಗಿ ಉಳಿಯುವಂಥದ್ದು. ಹೆಚ್ಚಿನವರು ಗಮನಿಸದ ಒಂದು ಸಂಗತಿ ಇಲ್ಲಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಜೇನುತುಪ್ಪಕ್ಕೆ ಹಾಕಿಕೊಟ್ಟ ಮಾನದಂಡದಲ್ಲಿ ಒಂದು ಕಾಡುಗಿಡದ ಹೆಸರು ನೇರವಾಗಿ ಬರುತ್ತದೆ. ಅದು ಸಹ್ಯಾದ್ರಿಯ ಕಾರ್ವಿ, ಕುರಿಂಜಿಯ ಬಂಧು. ಸಾಮಾನ್ಯ ಜೇನಿನಲ್ಲಿ ಸುಕ್ರೋಸ್ ಶೇ. 5 ಮೀರಬಾರದು; ಕಾರ್ವಿಯದಾದರೆ ಶೇ. 10ರವರೆಗೂ ಆಗಬಹುದು. ಎಲ್ಲ ತುಪ್ಪಕ್ಕೂ ಒಂದೇ ಅಳತೆಗೋಲು ಸಾಲದೆಂದು ಸರ್ಕಾರಿ ಕಾಗದವೇ ಒಪ್ಪಿಕೊಂಡ ಸಂದರ್ಭ ಇದು.

ಈಗ ಕೆಲಸಕ್ಕೆ ಬರೋಣ. ಪೆಟ್ಟಿಗೆಯಲ್ಲಿ ಎರಡು ಅಂತಸ್ತು. ಕೆಳಗೆ ಸಂಸಾರ ಕೋಣೆ: ರಾಣಿ ಮೊಟ್ಟೆಯಿಡುವ, ಮರಿ ಬೆಳೆಯುವ ಜಾಗ. ಮೇಲೆ ಜೇನು ಕೋಣೆ. ನಡುವೆ ಚೌಕಟ್ಟುಗಳು ಕೂರುವ ಅಂತರ ನೊಣದ ಮೈಯಳತೆಗೆ ತಕ್ಕಂತಿದ್ದರೆ ಅವು ಎರಿಗಳನ್ನು ಒಂದಕ್ಕೊಂದು ಬೆಸೆಯುವುದಿಲ್ಲ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಗುರುತಿಸಿದ ಈ ಅಂತರವನ್ನು ನಾವು ಪೆಟ್ಟಿಗೆಯಲ್ಲಿ ಸಾಕುವ ನಾಡನೊಣ ತುಡುವೆಯ ಮೈಗೆ ಇಳಿಸಿ ಪುಟ್ಟ ಪೆಟ್ಟಿಗೆ ಮಾಡಿದವರು 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಕಡೆ ಇದ್ದ ಪಾದ್ರಿ ನ್ಯೂಟನ್. ದಕ್ಷಿಣ ಭಾರತದ ಸಾಕಣೆ ಬೆಳೆದದ್ದು ಆ ಪೆಟ್ಟಿಗೆಯ ಮೇಲೆ. ಕೊಡಗಿನ ವಿರಾಜಪೇಟೆಯಲ್ಲಿ 1930ರ ದಶಕದಲ್ಲೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರ ಸಂಘದ 'ಮಾಧುರಿ' ಬಾಟಲಿ ಕರಾವಳಿಯ ಎಷ್ಟೋ ಮನೆಗಳಲ್ಲಿ ಔಷಧಿ ಕಪಾಟಿನ ಕಾಯಂ ನಿವಾಸಿ.

ಅಂಟುವಾಳದ ತುಪ್ಪ ಬೇಕೆಂದರೆ ಮರ ಹೂಬಿಡುವ ಮುಂಚೆ ಜೇನು ಕೋಣೆ ಖಾಲಿಯಿರಬೇಕು. ಹಳೆಯ ಹೂವಿನ ತುಪ್ಪ ಎರಿಯಲ್ಲಿದ್ದರೆ ತೆಗೆದು ಬೇರೆ ಇಡಬೇಕು. ಹೂವು ಮುಗಿದು, ಮುಂದಿನ ಹೂವಿನ ರಸ ಬರುವ ಮುಂಚೆ ಮತ್ತೆ ತೆಗೆಯಬೇಕು. ಹೇಳುವಾಗ ಇಷ್ಟೇ. ಆದರೆ ತೆಗೆಯುವ ದಿನ ಯಾವುದೆಂಬುದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ಎರಿ ಹೇಳುತ್ತದೆ. ನೊಣ ತರುವ ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ಕಣಗಳಲ್ಲಿ ಹರವಿ, ರಾತ್ರಿಯೆಲ್ಲ ರೆಕ್ಕೆ ಬೀಸಿ ನೀರು ಇಂಗಿಸುತ್ತವೆ. ಹದಕ್ಕೆ ಬಂದ ಮೇಲೆ ಕಣದ ಬಾಯಿಗೆ ಮೇಣದ ಮುಚ್ಚಳ. ಎರಿಯ ಮುಕ್ಕಾಲು ಭಾಗವಾದರೂ ಹೀಗೆ ಮುಚ್ಚಿದ ಮೇಲೆ ತೆಗೆದರೆ ತುಪ್ಪ ಪಕ್ವ. ಮುಚ್ಚದ ಎರಿಯನ್ನು ಯಂತ್ರಕ್ಕೆ ಹಾಕಿ ತಿರುಗಿಸಿದರೆ ಸಿಗುವುದು ಸಿಹಿನೀರು. ಕೆಲವೇ ವಾರದಲ್ಲಿ ನೊರೆಯೆದ್ದು, ಹುಳಿಯಾಗಿ, ಮುಚ್ಚಳ ಹಾರುತ್ತದೆ.

ಮಾನದಂಡದ ಪ್ರಕಾರ ಜೇನಿನಲ್ಲಿ ನೀರಿನಂಶ ಶೇ. 20 ಮೀರಬಾರದು. ಬಯಲುಸೀಮೆಯ ಒಣಹವೆಯಲ್ಲಿ ಇದು ಸಲೀಸು. ಮಂಜು ಮುಸುಕಿದ ಮಲೆನಾಡಿನಲ್ಲಿ ತುಡುವೆ ಎಷ್ಟೇ ರೆಕ್ಕೆ ಬೀಸಿದರೂ ನೀರಿನಂಶ ಆ ಗೆರೆಯ ಆಚೀಚೆ ತೂಗಾಡುತ್ತಿರುತ್ತದೆ. ಹಾಗಾಗಿ ಬಿಸಿ ಮಾಡುವ ಆಸೆ. ಬಿಸಿನೀರಿನ ಪಾತ್ರೆಯೊಳಗೆ ಜೇನಿನ ಪಾತ್ರೆ ಇಟ್ಟು ನಿಧಾನಕ್ಕೆ ಬೆಚ್ಚಗಾಗಿಸುವುದು ಸಂಘಗಳಲ್ಲಿ ಹಳೆಯ ಕ್ರಮ. ಬಿಸಿ ಏರಿದಷ್ಟೂ ಯೀಸ್ಟು ಸಾಯುತ್ತದೆ, ನೀರೂ ಹೋಗುತ್ತದೆ, ಜತೆಗೆ ಹೂವಿನ ಪರಿಮಳವೂ ಹೋಗುತ್ತದೆ. ಬಿಸಿ ಕಂಡ ಮತ್ತು ಹಳೆಯದಾದ ಜೇನಿನಲ್ಲಿ ಎಚ್‌ಎಂಎಫ್ ಎಂಬ ರಾಸಾಯನಿಕ ಏರುತ್ತ ಹೋಗುತ್ತದೆ. ಪರೀಕ್ಷೆಯಲ್ಲಿ ತುಪ್ಪದ ಪೂರ್ವಚರಿತ್ರೆ ಬಯಲಾಗುವುದು ಅದರಿಂದ. ಒಂದು ಹೂವಿನ ಹೆಸರು ಹೇಳಿ ಹೆಚ್ಚು ದುಡ್ಡು ಪಡೆಯುವವರು ಆ ಪರಿಮಳವನ್ನೇ ಒಲೆಗೆ ಕೊಟ್ಟರೆ ಮಾರುವುದೇನನ್ನು? ಎರಿ ಮುಚ್ಚುವ ತನಕ ಕಾಯುವುದು, ಬಿಸಿಲಿನ ಒಣದಿನ ನೋಡಿ ತೆಗೆಯುವುದು, ಗಾಳಿಯ ತೇವ ಹೀರುವ ಯಂತ್ರವಿರುವ ಕೋಣೆಯಲ್ಲಿ ಒಂದೆರಡು ದಿನ ಇಡುವುದು ಇವೆಲ್ಲ ಒಲೆಗಿಂತ ವಾಸಿ. ಕಾಯಲು ಮಾತ್ರ ಯಾರಾದರೂ ಮನೆಯಲ್ಲಿರಬೇಕು.

ಕುಟುಂಬದ ಸಾಕಣೆ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ತುಡುವೆ ಕೂಲಿ ಲೆಕ್ಕಕ್ಕೆ ಒಗ್ಗುವ ನೊಣವಲ್ಲ. ಬೇಸರವಾದರೆ ಪೆಟ್ಟಿಗೆ ಬಿಟ್ಟು ಪರಾರಿ. ರಾಣಿಕಣ ಕಟ್ಟಿದ್ದನ್ನು ಸಮಯಕ್ಕೆ ನೋಡದಿದ್ದರೆ ಪಾಲಾಗಿ ಅರ್ಧ ಸಂಸಾರ ಹಾರಿಹೋಗುತ್ತದೆ. ಕಟ್ಟಿರುವೆ ಕಂಬ ಹತ್ತುತ್ತದೆ, ಸ್ಟ್ಯಾಂಡಿನ ಬುಡದ ಬಟ್ಟಲಿನ ನೀರು ಆರಿದ ದಿನವೇ. ಕಣಜ ಬಾಗಿಲಲ್ಲಿ ಕಾದು ನಿಂತು ಒಂದೊಂದೇ ನೊಣವನ್ನು ಎತ್ತುತ್ತದೆ. ಬಲ ಕಡಿಮೆಯಾದ ಪೆಟ್ಟಿಗೆಗೆ ಮೇಣದ ಹುಳು. ಇದನ್ನೆಲ್ಲ ಹಾದುಹೋಗುವಾಗ ಬಾಗಿಲ ಮುಂದಿನ ಓಡಾಟ ನೋಡಿಯೇ ತಿಳಿಯುವ ಕಣ್ಣು ಬೇಕು. ಅನೇಕ ಮನೆಗಳಲ್ಲಿ ಆ ಕಣ್ಣು ಹೆಂಗಸರದು. ಸಭೆಗೆ ಹೋಗಿ ಶಾಲು ಹೊದೆಸಿಕೊಳ್ಳುವವರು ಗಂಡಸರು, ಬೆಳಗ್ಗೆ ದನ ಕರೆದು ಬರುವಾಗ ಪೆಟ್ಟಿಗೆಯ ಬಾಗಿಲು ನೋಡುವವರು ಹೆಂಗಸರು.

ಎಷ್ಟು ಪೆಟ್ಟಿಗೆ ಇಡಬಹುದು ಎಂಬುದನ್ನು ನಿರ್ಧರಿಸುವುದು ಮನೆಯವರ ಉಮೇದಲ್ಲ, ಸುತ್ತಲಿನ ಹೂವು. ತುಡುವೆ ಸಾಮಾನ್ಯವಾಗಿ ಒಂದು, ಒಂದೂವರೆ ಕಿಲೋಮೀಟರ್ ದೂರದೊಳಗೆ ಮೇಯುತ್ತದೆ. ಅಷ್ಟರೊಳಗಿನ ಹೂವು ಹಂಚಿಹೋಗಬೇಕು. ಇಪ್ಪತ್ತಕ್ಕೆ ಸಾಕಾಗುವ ಜಾಗದಲ್ಲಿ ಅರವತ್ತು ಇಟ್ಟರೆ ಅರವತ್ತೂ ಉಪವಾಸ. ಇನ್ನೊಂದು ಸಂಗತಿಯನ್ನು ಉತ್ತರ ಕನ್ನಡದ ತೋಟಿಗರು ಬಲ್ಲರು. ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನಬೆಟ್ಟದ ಮರಗಳನ್ನು ವರ್ಷವರ್ಷವೂ ಬೋಳಿಸಿದರೆ ಅವು ಹೂಬಿಡುವುದಿಲ್ಲ. ಸೊಪ್ಪಿಗೆ ಸರದಿ ಮಾಡಿಕೊಂಡು ಕೆಲವು ಮರಗಳನ್ನು ಬಿಟ್ಟ ಬೆಟ್ಟದ ಪಕ್ಕದ ಪೆಟ್ಟಿಗೆಗೂ, ಎಲ್ಲ ಸವರಿದ ಬೆಟ್ಟದ ಪಕ್ಕದ ಪೆಟ್ಟಿಗೆಗೂ ಎತ್ತಿ ನೋಡಿದರೆ ಭಾರದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕವೂ ಇರಲಿ. ಒಳ್ಳೆಯ ಜಾಗದಲ್ಲಿ ಒಂದು ತುಡುವೆ ಪೆಟ್ಟಿಗೆ ವರ್ಷಕ್ಕೆ ಐದರಿಂದ ಹತ್ತು ಕಿಲೋ ಕೊಡಬಹುದು. ಹದಿನೈದು ಪೆಟ್ಟಿಗೆ, ತಲಾ ಆರು ಕಿಲೋ ಎಂದು ಹಿಡಿದರೆ 90 ಕಿಲೋ. ಕಿಲೋಗೆ 500 ರೂಪಾಯಿಯಂತೆ 45 ಸಾವಿರ. ಹೂವಿನ ಹೆಸರಿನಿಂದ ಬೆಲೆ ಒಂದೂವರೆಪಟ್ಟು ಸಿಕ್ಕರೂ ಇದು ಒಂದು ಸಂಸಾರವನ್ನು ಸಾಕುವ ಮೊತ್ತವಲ್ಲ. ಜೇನು ಸಾಕಿ ಲಕ್ಷಾಧೀಶರಾಗಿ ಎನ್ನುವ ಭಾಷಣಗಳನ್ನು ಕೇಳಿದಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಅಡಿಕೆ, ಏಲಕ್ಕಿ, ಕಾಫಿ, ತರಕಾರಿಯ ಜತೆಗೆ ಬರುವ ಇನ್ನೊಂದು ಕೈ ಇದು. ಆದರೆ ಆ ಕೈ ಉಳಿದ ಬೆಳೆಗೂ ದುಡಿಯುತ್ತದೆ. ಏಲಕ್ಕಿ ಹೂವು ಕಾಯಿಯಾಗಲು ನೊಣವೇ ಬೇಕು. ರೊಬಸ್ಟಾ ಕಾಫಿ ತನ್ನದೇ ಪರಾಗಕ್ಕೆ ಕಾಯಿ ಕಚ್ಚುವುದಿಲ್ಲ. ಗಾಳಿಯೂ ನೊಣವೂ ಬೇರೆ ಗಿಡದ ಪರಾಗ ತಂದರೇ ಫಸಲು. ಕೊಡಗಿನ ತೋಟಗಳಲ್ಲಿ ಅಧ್ಯಯನ ಮಾಡಿದವರು ಹೆಜ್ಜೇನು, ತುಡುವೆ, ಮುಳ್ಳಿಲ್ಲದ ಪುಟ್ಟ ಮುಜಂಟಿ ಮೂರನ್ನೂ ಈ ಕೆಲಸದಲ್ಲಿ ಕಂಡಿದ್ದಾರೆ.

ಲಾರಿಯಲ್ಲಿ ನೂರಾರು ಪೆಟ್ಟಿಗೆ ಹೇರಿಕೊಂಡು ಸೂರ್ಯಕಾಂತಿ, ಸಾಸಿವೆ ಹುಡುಕುತ್ತ ಊರೂರು ತಿರುಗುವ ಸಾಕಣೆಯೂ ಇದೆ. ಅದು ಇಟಾಲಿಯನ್ ನೊಣದ್ದು. 1962ರಲ್ಲಿ ಇಂದಿನ ಹಿಮಾಚಲದ ನಗ್ರೋಟಾದಲ್ಲಿ ಈ ನೊಣ ನೆಲೆಯೂರಿದ ಮೇಲೆ ಉತ್ತರ ಭಾರತದ ಜೇನಿನ ಲೆಕ್ಕವೇ ಬದಲಾಯಿತು. ಪೆಟ್ಟಿಗೆಯೊಂದಕ್ಕೆ ತುಡುವೆಯ ನಾಲ್ಕೈದು ಪಟ್ಟು ತುಪ್ಪ. ನಮ್ಮ ಬಯಲುಸೀಮೆಯಲ್ಲೂ ಅದನ್ನು ಸಾಕುವವರಿದ್ದಾರೆ, ಸೂರ್ಯಕಾಂತಿಯ ಚೆಂದದ ಹಳದಿ ತುಪ್ಪ ತೆಗೆಯುವವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಲೆನಾಡಿನ ಮಳೆ, ಕಣಜ, ಚದುರಿದ ಹೂವುಗಳ ನಡುವೆ ಅದನ್ನು ತಂದು ಹೇರುವ ಉತ್ಸಾಹದ ಮೇಲೆ ತಕರಾರಿದೆ.

ಬಾಳುವ ಸಾಕಣೆ ಎಂದರೇನು ಎಂಬುದನ್ನು ನಮ್ಮವರಿಗೆ ಕಲಿಸಿದ್ದು ಒಂದು ರೋಗ. 1991, 92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣದ ತುಡುವೆಗೆ ತಗುಲಿತು. ಅದು ಹೊಡೆಯುವುದು ಮರಿಹುಳುವನ್ನು. ಕಣದಲ್ಲಿ ಮರಿ ನೀರು ತುಂಬಿದ ಚೀಲವಾಗಿ ಸಾಯುತ್ತದೆ. ದೊಡ್ಡ ನೊಣಗಳು ಮುಪ್ಪಾಗಿ ಸಾಯುತ್ತವೆ, ಅವುಗಳ ಜಾಗಕ್ಕೆ ಹೊಸವು ಹುಟ್ಟುವುದಿಲ್ಲ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ, ಕೇರಳದಲ್ಲಿ ಹತ್ತರಲ್ಲಿ ಒಂಬತ್ತು ಪೆಟ್ಟಿಗೆ ಖಾಲಿಯಾದವು. ತಲೆಮಾರುಗಳಿಂದ ಸಾಕಿದವರು ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದರು, ಕೆಲವರು ಸೌದೆಯಾಗಿ ಒಟ್ಟಿದರು. ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಉಳಿದದ್ದು ತಾಳಿಕೊಂಡ ಕೆಲವು ಕುಟುಂಬಗಳು. ಅವುಗಳಿಂದ ಪಾಲು ಮಾಡುತ್ತ ಬಂದವರ ಮನೆಗಳಲ್ಲಿ ಜೇನು ನಿಧಾನವಾಗಿ ಮರಳಿತು. ರೋಗ ಇಂದಿಗೂ ಆಗಾಗ ತಲೆಯೆತ್ತುತ್ತದೆ.

ಅಲ್ಲಿಂದ ಬಂದ ಪಾಠ ಸರಳ. ಬಲವಾದ, ರೋಗ ಕಾಣದ ಕುಟುಂಬದಿಂದಲೇ ಪಾಲು ಮಾಡಿ ಹೆಚ್ಚಿಸಬೇಕು. ಈಗ ನಡೆಯುತ್ತಿರುವುದು ಬಹುಪಾಲು ಅದರ ಉಲ್ಟಾ. ಸಹಾಯಧನದ ಯೋಜನೆ ಬಂದ ಕೂಡಲೇ ಪೆಟ್ಟಿಗೆಗೆ, ಕುಟುಂಬಕ್ಕೆ ಬೇಡಿಕೆ ಏರುತ್ತದೆ. ಕಾಡಿನ ಪೊಟರೆ, ಹುತ್ತಗಳನ್ನು ಕೆದಕಿ ಹಿಡಿದು ತಂದು ತುಂಬುತ್ತಾರೆ. ಅನುಭವವಿಲ್ಲದವರ ಹಿತ್ತಲಿಗೆ ಹೋದ ಆ ಸಂಸಾರ ಎರಡು ತಿಂಗಳಲ್ಲಿ ಪರಾರಿ. ಕಡತದಲ್ಲಿ ಪೆಟ್ಟಿಗೆಯ ಸಂಖ್ಯೆ ಇರುತ್ತದೆ, ಪೆಟ್ಟಿಗೆಯೊಳಗೆ ಜಿರಲೆ. ಕೊಟ್ಟ ಪೆಟ್ಟಿಗೆಯ ಬದಲು ಎರಡನೇ ವರ್ಷ ಬದುಕಿರುವ ಕುಟುಂಬವನ್ನು ಎಣಿಸಿ ದುಡ್ಡು ಕೊಡುವ ಪದ್ಧತಿ ಬಂದರೆ ಅರ್ಧ ಸಮಸ್ಯೆ ಕರಗೀತು.

ಸಕ್ಕರೆಯ ವಿಷಯದಲ್ಲೂ ಗೊಂದಲವಿದೆ. ಮಳೆಗಾಲದಲ್ಲಿ ನೊಣಕ್ಕೆ ಸಕ್ಕರೆ ನೀರು ಕೊಡುತ್ತಾರಂತೆ, ಹಾಗಾದರೆ ಇದೂ ಕಲಬೆರಕೆಯಲ್ಲವೇ ಎಂದು ಪೇಟೆಯವರು ಕೇಳುತ್ತಾರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊರಗೆ ಹಾರಲಾಗದ ಸಂಸಾರ ಬದುಕಿರಬೇಕಲ್ಲ. ಸಂಸಾರ ಕೋಣೆಯ ತುಪ್ಪವನ್ನು ಮುಟ್ಟದೆ ಬಿಟ್ಟರೆ ಎಷ್ಟೋ ಕುಟುಂಬಗಳು ಅದರಲ್ಲೇ ದಾಟುತ್ತವೆ. ಮಳೆ ಲಂಬಿಸಿದ ವರ್ಷ ಸಕ್ಕರೆ ಅನಿವಾರ್ಯ. ಆ ಕಾಲದಲ್ಲಿ ಜೇನು ಕೋಣೆ ತೆಗೆದಿಟ್ಟಿರಬೇಕು, ಹೂವು ಶುರುವಾಗುವ ಮುಂಚೆ ಸಕ್ಕರೆ ನಿಲ್ಲಿಸಬೇಕು. ಇಷ್ಟು ನಡೆಸಿದರೆ ಸಕ್ಕರೆ ಬಾಟಲಿಗೆ ಬರುವುದಿಲ್ಲ. ಹೂವಿನ ಕಾಲದಲ್ಲೂ ಸಕ್ಕರೆ ನೀರಿಟ್ಟು ತುಪ್ಪ ತೆಗೆಯುವವರಿದ್ದಾರೆ. ಅವರದು ಸಾಕಣೆಯ ಹೆಸರಿನ ವಂಚನೆ. ಸಕ್ಕರೆ ಸಾಕುವವರ ಕೈಯಲ್ಲಿರುವ ಮಾತು, ವಿಷ ಹಾಗಲ್ಲ. ಹೂಬಿಟ್ಟ ಗೇರಿಗೆ, ಮಾವಿಗೆ ಹಗಲು ಹೊತ್ತು ಕೀಟನಾಶಕ ಹೊಡೆಯುವ ನೆರೆಯವರಿದ್ದರೆ ಮಾತ್ರ ಎಂಥ ಸಾಕಣೆದಾರನೂ ಅಸಹಾಯಕ. ಹೊಡೆಯುವ ಮುಂಚೆ ಒಂದು ಮಾತು ಹೇಳಿದರೆ ಆ ದಿನ ಬಾಗಿಲು ಮುಚ್ಚಿಡಬಹುದು. ಹೇಳುವಷ್ಟು ಒಡನಾಟ ಎಲ್ಲ ಊರಲ್ಲೂ ಇರುವುದಿಲ್ಲ.

ಇಷ್ಟೆಲ್ಲ ಮಾಡಿ ತೆಗೆದ ತುಪ್ಪ ಅಸಲಿಯೆಂದು ಗಿರಾಕಿಗೆ ತೋರಿಸುವುದು ಹೇಗೆ? ನೀರಿಗೆ ಹನಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು, ನಾಯಿ ಮೂಸುತ್ತದೆಯೇ ನೋಡುವುದು, ಕಾಗದದ ಮೇಲೆ ಹಾಕುವುದು ಇವು ಯಾವುವೂ ಪರೀಕ್ಷೆಗಳಲ್ಲ. ಗಟ್ಟಿ ಸಕ್ಕರೆಪಾಕ ಎಲ್ಲದರಲ್ಲೂ ಪಾಸಾಗುತ್ತದೆ. ತೇವ ಹೆಚ್ಚಿರುವ ಅಪ್ಪಟ ತುಡುವೆ ತುಪ್ಪ ಫೇಲಾಗುವುದೂ ಉಂಟು. ಪ್ರಯೋಗಾಲಯಕ್ಕೂ ಇದು ಸುಲಭವಿಲ್ಲ. ಕಬ್ಬು, ಮೆಕ್ಕೆಜೋಳ ಬಿಸಿಲಿನಿಂದ ಸಕ್ಕರೆ ಕಟ್ಟುವ ರೀತಿ ಬೇರೆ, ಹೆಚ್ಚಿನ ಹೂಮರಗಳದ್ದು ಬೇರೆ. ಇಂಗಾಲದ ಐಸೊಟೋಪಿನ ಅಳತೆಯಲ್ಲಿ ಆ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಅಕ್ಕಿಯಿಂದ ಮಾಡಿದ ಪಾಕಕ್ಕೆ ಈ ತೊಂದರೆಯಿಲ್ಲ, ಏಕೆಂದರೆ ಸಕ್ಕರೆ ಕಟ್ಟುವ ರೀತಿಯಲ್ಲಿ ಭತ್ತವೂ ಹೂಮರಗಳ ಗುಂಪಿನದೇ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರಲ್ಲಿ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷೆಗೆ ಕಳಿಸಿತು. ದೇಶದ ಮಾಮೂಲಿ ಪರೀಕ್ಷೆಗಳನ್ನು ದಾಟಿದ ಹಲವು ಬಾಟಲಿಗಳು ಜರ್ಮನಿಯ ಎನ್‌ಎಂಆರ್ ಪರೀಕ್ಷೆಯಲ್ಲಿ ಬಿದ್ದವು. ಅದರಲ್ಲಿ ಗೆದ್ದದ್ದು ಮೂರೇ ಬ್ರ್ಯಾಂಡು. ಆ ಸುದ್ದಿಯ ನಂತರ ಸಾಕಣೆದಾರರ ಮನೆಗೇ ಬಂದು ಕೊಳ್ಳುವವರು ಹೆಚ್ಚಿದ್ದು ನಿಜ.

ಹರಳುಗಟ್ಟಿದ ತುಪ್ಪವನ್ನು ಸಕ್ಕರೆ ಬೆರೆಸಿದ್ದು ಎಂದು ವಾಪಸು ತರುವವರೂ ಅವರ ನಡುವೆಯೇ ಇದ್ದಾರೆ. ಗ್ಲೂಕೋಸ್ ಹೆಚ್ಚಿರುವ ತುಪ್ಪ ಹರಳುಗಟ್ಟುವುದು ಸಹಜ, ಬಿಸಿಲಲ್ಲಿಟ್ಟರೆ ಕರಗುತ್ತದೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು ಬೇರೆಯಿವೆ. ಯಾವ ತಿಂಗಳು ತೆಗೆದದ್ದು, ಪೆಟ್ಟಿಗೆ ಎಲ್ಲಿದ್ದವು, ಆಗ ಏನು ಹೂವಿತ್ತು? ಸಾಕಿದವರಿಗೆ ಇದು ನಾಲಿಗೆಯ ತುದಿಯಲ್ಲಿರುತ್ತದೆ. ಹನ್ನೆರಡು ತಿಂಗಳೂ ಅಂಟುವಾಳದ ಜೇನು ಎಷ್ಟು ಬೇಕಾದರೂ ಸಿಗುತ್ತದೆ ಎನ್ನುವವರ ಬಳಿ ಅಂಟುವಾಳದ ಜೇನು ಇಲ್ಲ.

ಪೆಟ್ಟಿಗೆಯಲ್ಲಿ ಸಾಕುವ ಎಲ್ಲ ಜೇನಿಗಿಂತ ದುಬಾರಿ ಮುಜಂಟಿಯದು. ಶಿರಸಿ ಕಡೆಯವರಿಗೆ ಇದು ಮಿಸರಿ. ಕುಟುಕಲು ಮುಳ್ಳಿಲ್ಲದ, ಇರುವೆಗಿಂತ ತುಸು ದೊಡ್ಡದಾದ ಈ ನೊಣ ಮಣ್ಣಿನ ಗೋಡೆಯ ಸಂದಿಯಲ್ಲಿ, ಬಿದಿರಿನ ಅಂಡೆಯಲ್ಲಿ, ಹಳೆಯ ಮಡಕೆಯಲ್ಲಿ ಗೂಡು ಮಾಡುತ್ತದೆ. ಎರಿ ಕಟ್ಟುವುದಿಲ್ಲ, ಮೇಣಕ್ಕೆ ಮರದ ಅಂಟು ಬೆರೆಸಿ ಪುಟ್ಟ ಗಡಿಗೆಗಳನ್ನು ಮಾಡಿ ತುಂಬಿಡುತ್ತದೆ. ತುಪ್ಪ ತೆಳು, ಹುಳಿಸಿಹಿ, ಔಷಧಿಯೆಂದು ಹುಡುಕಿಕೊಂಡು ಬರುವವರು ಬಹಳ. ಬೇರೆ ದೇಶಗಳ ಮುಳ್ಳಿಲ್ಲದ ನೊಣಗಳ ಜೇನಿನಲ್ಲಿ ಟ್ರೆಹಾಲುಲೋಸ್ ಎಂಬ ಅಪರೂಪದ ಸಕ್ಕರೆ ಹೇರಳವಾಗಿದೆಯೆಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ ಮೇಲೆ ಬೇಡಿಕೆ ಇನ್ನೂ ಏರಿದೆ. ಆದರೆ ಇದರ ನೀರಿನಂಶ ಶೇ. 25 ಆಚೆಗೇ ಇರುತ್ತದೆ. ಶೇ. 20ರ ಗೆರೆಯನ್ನು ಗೂಡಿನಲ್ಲೇ ದಾಟಿದ ತುಪ್ಪ ಇದು. ಒಲೆಯ ಮೇಲಿಟ್ಟು ಆ ಗೆರೆಯೊಳಗೆ ತಂದರೆ ಮುಜಂಟಿಯದೇ ಆಗಿ ಉಳಿಯುವುದಿಲ್ಲ. ಮಲೇಷ್ಯಾದವರು 2017ರಲ್ಲಿ ತಮ್ಮ ಮುಳ್ಳಿಲ್ಲದ ನೊಣದ ಜೇನಿಗೆ ಪ್ರತ್ಯೇಕ ಮಾನದಂಡವನ್ನೇ ಬರೆದುಕೊಂಡರು. ಕಾರ್ವಿ ಜೇನಿನ ಸುಕ್ರೋಸಿಗೆ ಬೇರೆ ಲೆಕ್ಕ ಇಟ್ಟ ನಮ್ಮ ಕಾಗದದಂತೆ ಇದನ್ನೂ ಅದರ ಗುಣಕ್ಕೆ ತಕ್ಕ ಅಳತೆಯಲ್ಲೇ ನೋಡಬೇಕು. ಸದ್ಯಕ್ಕೆ ಒಂದು ಗೂಡಿನಿಂದ ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ. ಅದು ಅಂಗಡಿಯವರೆಗೆ ಬರುವುದೇ ಇಲ್ಲ. ಮನೆಯ ಬಾಣಂತಿಗೆ, ಕೆಮ್ಮಿನ ಮಗುವಿಗೆ ಎತ್ತಿಟ್ಟು ಉಳಿದದ್ದು, ವರ್ಷದ ಮೊದಲೇ ಹೇಳಿಟ್ಟವರ ಸಣ್ಣ ಶೀಶೆಗೆ ಹೋಗುತ್ತದೆ.